ತಳ್ಳುಗಾಡಿಯ ಪರವಾನಗಿ ಮತ್ತು ನಮ್ಮ ಹೊಟ್ಟೆಯ ಆರೋಗ್ಯ

ಮಳೆಗಾಲ ಆರಂಭವಾಯಿತೆಂದರೆ ನಮ್ಮ ಚಿಕಿತ್ಸಾಲಯಕ್ಕೆ ಹೊಟ್ಟೆಯ ತೊಂದರೆ ಹೊತ್ತು ಬರುವವರ ಸಂಖ್ಯೆ ಹೆಚ್ಚುತ್ತದೆ. ವಾಂತಿ, ಭೇದಿ, ಆಮಶಂಕೆ, ಕಾಮಾಲೆ, ವಿಷಮಶೀತಜ್ವರ ಇವು ಆ ದಿನಗಳ ನಿತ್ಯದ ದೂರುಗಳು. "ನಿನ್ನೆ, ಮೊನ್ನೆ ಹೊರಗೆ ಏನಾದರೂ ತಿಂದಿರಾ?" ಎಂದು ಕೇಳಿದರೆ, ಹಲವರು ಸ್ವಲ್ಪ ಸಂಕೋಚದಿಂದಲೇ ಸಂಜೆಯ ತಳ್ಳುಗಾಡಿಯ ಹೆಸರು ಹೇಳುತ್ತಾರೆ. "ಬೀದಿಯ ತಿಂಡಿ ಬಿಡಿ" ಎಂದು ಹೇಳಿ ಔಷಧ ಕೊಟ್ಟು ಕಳುಹಿಸುವುದು ನನ್ನ ಬಹುಕಾಲದ ರೂಢಿಯಾಗಿತ್ತು. ಆ ಸಲಹೆ ಅರ್ಧ ಮಾತ್ರ ಸರಿ ಎಂಬುದನ್ನು ನಾನು ತಡವಾಗಿ ಕಲಿತೆ. ಕಲಿಸಿದವರು ಗಾಡಿ ತಳ್ಳುವ ಒಬ್ಬ ತಾಯಿ.

ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಹಿರಿಯರೆಲ್ಲ ಸೇರಿ, ವೃತ್ತದ ಬಳಿ ನಿಲ್ಲುವ ತಿಂಡಿಗಾಡಿಗಳನ್ನು ತೆಗೆಸಬೇಕೆಂದು ಒಂದು ಮನವಿ ಸಿದ್ಧಪಡಿಸಿದರು. ವೈದ್ಯನೆಂಬ ಕಾರಣಕ್ಕೆ ಮೊದಲ ಸಹಿ ನನ್ನದಾಗಲೆಂದು ಕೇಳಿದರು. ನಾನು ಸಹಿ ಮಾಡಿದೆ. "ಸಾರ್ವಜನಿಕ ಆರೋಗ್ಯಕ್ಕೆ ಹಾನಿಕರ" ಎಂಬ ಮಾತನ್ನೂ ನಾನೇ ಸೇರಿಸಿದೆ. ವಾರದೊಳಗೆ ವಾಹನ ಬಂದು ಗಾಡಿಗಳನ್ನು ಹೇರಿಕೊಂಡು ಹೋಯಿತು. ವೃತ್ತ ಖಾಲಿಯಾಯಿತು, ನಾವೆಲ್ಲ ಸಮಾಧಾನಪಟ್ಟೆವು. ಎರಡು ತಿಂಗಳು ಕಳೆಯುವುದರೊಳಗೆ ಅದೇ ಗಾಡಿಗಳು ಹಿಂದಿನ ಓಣಿಯಲ್ಲಿ, ತೆರೆದ ಚರಂಡಿಯ ಪಕ್ಕದಲ್ಲಿ, ಬೀದಿದೀಪವೂ ಇಲ್ಲದ ಕಡೆ ನಿಂತಿದ್ದವು. ತಿನ್ನುವವರೂ ಅಲ್ಲಿಗೇ ಹೋಗುತ್ತಿದ್ದರು. ಆ ವರ್ಷದ ಮಳೆಗಾಲದಲ್ಲಿ ನನ್ನ ಬಳಿಗೆ ಬಂದ ಹೊಟ್ಟೆಯ ರೋಗಿಗಳು ಕಡಿಮೆಯಾಗಲಿಲ್ಲ.

ಆ ಮಳೆಗಾಲದಲ್ಲಿಯೇ ಆ ತಾಯಿ ನನ್ನಲ್ಲಿಗೆ ಚಿಕಿತ್ಸೆಗೆ ಬಂದರು. ವಯಸ್ಸು ಐವತ್ತರ ಆಸುಪಾಸು. ಮೊಣಕಾಲು ನೋವು, ಆಮ್ಲಪಿತ್ತ, ಮೇಲಿಂದ ಮೇಲೆ ಮರುಕಳಿಸುವ ಉರಿಮೂತ್ರ. ಗಿರಮಿಟ್ಟು ಮತ್ತು ಮಿರ್ಚಿ ಭಜಿಯ ಗಾಡಿ ಅವರದು. ಮಾತಿನ ನಡುವೆ ನಾನು, "ಗಾಡಿಯಲ್ಲಿ ಒಂದೇ ಕೊಡ ನೀರು ಇಟ್ಟುಕೊಂಡು ಅದರಲ್ಲೇ ತಟ್ಟೆ, ಅದರಲ್ಲೇ ಕೈ ತೊಳೆದರೆ ಹೇಗವ್ವಾ?" ಎಂದು ಆಕ್ಷೇಪಿಸಿದೆ. ಅವರು ಸಿಟ್ಟಾಗಲಿಲ್ಲ. "ಮೊದಲ ಎರಡು ಕೊಡ, ಒಂದು ಬಕೀಟು ಇಡತಿದ್ನಿರಿ ಸಾಹೇಬ್ರ. ಗಾಡಿ ಭಾರ ಆದ್ರ ಅವರು ಬಂದಾಗ ತಳ್ಳಿಕೊಂಡು ಓಡಾಕ ಆಗೂದಿಲ್ರಿ. ಅದಕ್ಕ ಬಿಟ್ಟೆ" ಎಂದರು. ಉರಿಮೂತ್ರದ ಕಾರಣವೂ ಹಾಗೆಯೇ ತಿಳಿಯಿತು. ಮಧ್ಯಾಹ್ನ ಮೂರರಿಂದ ರಾತ್ರಿ ಹತ್ತರವರೆಗೆ ಗಾಡಿ ಬಿಟ್ಟು ಹೋಗುವಂತಿಲ್ಲ, ಹತ್ತಿರದಲ್ಲಿ ಶೌಚಾಲಯವಿಲ್ಲ, ಆದುದರಿಂದ ಅವರು ನೀರನ್ನೇ ಕುಡಿಯುತ್ತಿರಲಿಲ್ಲ.

ಆ ಎರಡನೆಯ ಕೊಡವನ್ನು ಗಾಡಿಯಿಂದ ಇಳಿಸಿದ್ದು ಬಡತನವಲ್ಲ, ಅಜ್ಞಾನವೂ ಅಲ್ಲ, ಭಯ. ಆ ಭಯವನ್ನು ಹುಟ್ಟಿಸಿದವರಲ್ಲಿ ಮೊದಲ ಸಹಿ ಮಾಡಿದ ನಾನೂ ಒಬ್ಬ. ಓಡಲು ಸಿದ್ಧವಾಗಿ ನಿಂತ ಗಾಡಿಯಿಂದ ಶುಚಿಯನ್ನು ನಿರೀಕ್ಷಿಸಬಾರದು ಎಂಬುದು ಈ ಲೇಖನದ ಮುಖ್ಯ ಮಾತು. ನಿಲ್ಲಲು ನಿಶ್ಚಿತ ಸ್ಥಳ ಮತ್ತು ಕೈಯಲ್ಲಿ ಅನುಮತಿ ಪತ್ರ ಇದ್ದವರು ಮಾತ್ರ ನೀರಿನ ಡ್ರಮ್ಮು, ಮುಚ್ಚಳದ ಪಾತ್ರೆ, ಕಸದ ಬುಟ್ಟಿ ಇಟ್ಟುಕೊಳ್ಳಬಲ್ಲರು. ಆದುದರಿಂದ ಪರವಾನಗಿಯನ್ನು ಕೇವಲ ಕಂದಾಯದ ಅಥವಾ ಸಂಚಾರದ ವಿಷಯವೆಂದು ಭಾವಿಸದೆ, ಆರೋಗ್ಯದ ವಿಷಯವೆಂದು ನಾವು ನೋಡಬೇಕು.

ನಮ್ಮ ಆಯುರ್ವೇದಕ್ಕೆ ಈ ವಿಚಾರ ಹೊಸದೇನಲ್ಲ. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಆಹಾರದ ಹಿತಾಹಿತವನ್ನು ನಿರ್ಧರಿಸುವ ಎಂಟು ಅಂಶಗಳನ್ನು ಹೇಳಲಾಗಿದೆ: ಪದಾರ್ಥದ ಸ್ವಭಾವ, ಸಂಸ್ಕಾರ, ಸಂಯೋಗ, ಪ್ರಮಾಣ, ದೇಶ, ಕಾಲ, ಸೇವನೆಯ ನಿಯಮ ಮತ್ತು ಸೇವಿಸುವವನು. ನಾವು ವೈದ್ಯರು ರೋಗಿಗೆ ಪದಾರ್ಥ ಮತ್ತು ಪ್ರಮಾಣದ ಬಗ್ಗೆ ಬಹಳ ಹೇಳುತ್ತೇವೆ. 'ದೇಶ'ದ ಬಗ್ಗೆ ಹೇಳುವುದು ಕಡಿಮೆ. ಅದೇ ಮಂಡಕ್ಕಿ, ಅದೇ ಈರುಳ್ಳಿ, ಅದೇ ಎಣ್ಣೆ ಚರಂಡಿಯ ದಡದಲ್ಲಿ ಒಂದು ಪರಿಣಾಮ ಕೊಟ್ಟರೆ, ನಲ್ಲಿಯ ಪಕ್ಕದ ಶುಭ್ರ ಕಟ್ಟೆಯ ಮೇಲೆ ಇನ್ನೊಂದು ಪರಿಣಾಮ ಕೊಡುತ್ತದೆ. ಅದೇ ಗ್ರಂಥದ ಸೂತ್ರಸ್ಥಾನವು ತಡೆಹಿಡಿಯಬಾರದ ಹದಿಮೂರು ವೇಗಗಳನ್ನು ಹೇಳುವಾಗ ಮೂತ್ರದ ವೇಗವನ್ನೂ ಹೇಳಿದೆ. ಆ ತಾಯಿಯ ರೋಗಕ್ಕೆ ನನ್ನ ಬಳಿ ಚಂದನಾಸವವಿತ್ತು, ಗೋಕ್ಷುರವಿತ್ತು. ಕಾರಣಕ್ಕೆ ಬೇಕಾದ ಔಷಧವಾದ ಒಂದು ಶೌಚಾಲಯ ನನ್ನ ಕಪಾಟಿನಲ್ಲಿರಲಿಲ್ಲ.

ಇನ್ನು ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡೋಣ. ಪಾದಚಾರಿ ಮಾರ್ಗದ ವ್ಯಾಪಾರವೂ ಸಂವಿಧಾನ ಕೊಟ್ಟ ವೃತ್ತಿಸ್ವಾತಂತ್ರ್ಯದೊಳಗೆ ಬರುತ್ತದೆ, ಆದರೆ ಅದಕ್ಕೆ ಯುಕ್ತ ನಿರ್ಬಂಧಗಳನ್ನು ಹೇರಬಹುದು ಎಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ಸೋದನ್ ಸಿಂಗ್ ಪ್ರಕರಣದಲ್ಲಿ ತಿಳಿಸಿತ್ತು. ಇಂಥದೇ ಜಾಗದಲ್ಲಿ ಕಾಯಂ ಕೂರುವ ಹಕ್ಕು ಯಾರಿಗೂ ಇಲ್ಲವೆಂದೂ ಸ್ಪಷ್ಟಪಡಿಸಿತ್ತು. ಆ ಬಳಿಕ ಬಹುಕಾಲ ಕಾದು, ಸಂಸತ್ತು 2014ರಲ್ಲಿ ಬೀದಿಬದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆ ಮತ್ತು ವ್ಯಾಪಾರ ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು. ಆ ವರ್ಷ ಮೇ 1ರಿಂದ ಅದು ಜಾರಿಗೆ ಬಂದಿತು.

ಈ ಕಾಯ್ದೆಯ ಪ್ರಕಾರ ಪ್ರತಿಯೊಂದು ಪಟ್ಟಣದಲ್ಲಿ ಪೌರಾಯುಕ್ತರ ಅಥವಾ ಮುಖ್ಯಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಶೇಕಡಾ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು. ಆ ವ್ಯಾಪಾರಿ ಸದಸ್ಯರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಐದು ವರ್ಷಕ್ಕೆ ಒಮ್ಮೆಯಾದರೂ ವ್ಯಾಪಾರಿಗಳ ಸಮೀಕ್ಷೆ ನಡೆಯಬೇಕು. ಸಮೀಕ್ಷೆಯಲ್ಲಿ ಕಂಡುಬಂದವರಿಗೆ ಜನಸಂಖ್ಯೆಯ ಶೇಕಡಾ 2.5ರ ಮಿತಿಯೊಳಗೆ ಜಾಗ ಒದಗಿಸಿ, ವ್ಯಾಪಾರ ಪ್ರಮಾಣಪತ್ರ ಹಾಗೂ ಗುರುತಿನ ಚೀಟಿ ಕೊಡಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ವಿತರಣೆಯಾಗುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ ಸ್ಥಳಾಂತರಿಸಬೇಕಾದರೆ 30 ದಿನಗಳ ನೋಟಿಸು ಕೊಡಬೇಕು. ಸಾಮಾನು ವಶಪಡಿಸಿಕೊಂಡರೆ ಪಟ್ಟಿ ಬರೆದು ಕೊಡಬೇಕು. ವ್ಯಾಪಾರಿ ಬಂದು ಕೇಳಿ ಶುಲ್ಕ ತುಂಬಿದರೆ ಕೆಡುವ ಪದಾರ್ಥಗಳನ್ನು ಅದೇ ದಿನ, ಕೆಡದಿರುವ ವಸ್ತುಗಳನ್ನು ಎರಡು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು. ನಾನು ಸಹಿ ಮಾಡಿದ ಮನವಿಯ ಫಲವಾಗಿ ಒಯ್ದ ಗಾಡಿಗಳಿಗೆ ಪಟ್ಟಿಯೂ ಇರಲಿಲ್ಲ, ನೋಟಿಸೂ ಇರಲಿಲ್ಲ. ಅಂದು ನನಗೆ ಈ ಕಾಯ್ದೆಯ ಅರಿವೂ ಇರಲಿಲ್ಲ.

ಕಾಯ್ದೆ ವ್ಯಾಪಾರಿಗಳಿಗೂ ಹೊಣೆ ಹೊರಿಸಿದೆ. ಪ್ರಮಾಣಪತ್ರ ಪಡೆಯಲು 14 ವರ್ಷ ತುಂಬಿರಬೇಕು. ತಾನೇ ಅಥವಾ ತನ್ನ ಕುಟುಂಬದವರೇ ವ್ಯಾಪಾರ ಮಾಡುವುದಾಗಿ, ತನಗೆ ಬೇರೆ ಜೀವನೋಪಾಯ ಇಲ್ಲವೆಂದು, ಪ್ರಮಾಣಪತ್ರವನ್ನು ಮತ್ತೊಬ್ಬರಿಗೆ ಬಾಡಿಗೆಗೆ ಕೊಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕು. ಜಾಗವನ್ನು ಸ್ವಚ್ಛವಾಗಿಡಬೇಕು. ಒಬ್ಬನೇ ಹತ್ತು ಗಾಡಿಗಳನ್ನಿಟ್ಟು ದಿನಬಾಡಿಗೆಗೆ ಬಿಡುವ ಪದ್ಧತಿ ನಮ್ಮ ನಗರಗಳಲ್ಲಿ ಇದೆ. ಅದು ಈ ಕಾಯ್ದೆಗೆ ವಿರುದ್ಧ. ಬಡವರ ಹೆಸರಿನಲ್ಲಿ ಅದನ್ನು ಸಮರ್ಥಿಸಬಾರದು.

ಇದು ನಿಲ್ಲುವ ಜಾಗದ ಅನುಮತಿಯಾಯಿತು. ತಿಂಡಿ ಮಾರುವವರ ವಿಷಯದಲ್ಲಿ ಇನ್ನೊಂದು ಕಾಗದವೂ ಇದೆ. ಇದು ಅನೇಕ ವ್ಯಾಪಾರಿಗಳಿಗೆ ತಿಳಿದಿಲ್ಲ. ಅದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿಯ ನೋಂದಣಿ. 2011ರ ನಿಯಮಾವಳಿಯು ವರ್ಷಕ್ಕೆ 12 ಲಕ್ಷ ರೂಪಾಯಿ ಮೀರದ ವಹಿವಾಟಿನವರನ್ನು ಸಣ್ಣ ಆಹಾರ ವ್ಯಾಪಾರಿಗಳೆಂದು ಕರೆದು, ವರ್ಷಕ್ಕೆ 100 ರೂಪಾಯಿ ಶುಲ್ಕವನ್ನು ಗೊತ್ತುಪಡಿಸಿತು. ಭಾವಚಿತ್ರ, ಗುರುತಿನ ದಾಖಲೆ ಮತ್ತು ಒಂದು ಸರಳ ಅರ್ಜಿ ಸಾಕು. ಅರ್ಜಿ ತಲುಪಿದ 7 ದಿನಗಳೊಳಗೆ ಅಧಿಕಾರಿಯು ನೋಂದಣಿ ಕೊಡಬೇಕು, ಇಲ್ಲವೆ ಕಾರಣ ಬರೆದು ತಿರಸ್ಕರಿಸಬೇಕು, ಇಲ್ಲವೆ ತಪಾಸಣೆಗೆ ಬರುವುದಾಗಿ ತಿಳಿಸಬೇಕು ಎಂದು ಆ ನಿಯಮಾವಳಿ ಹೇಳಿತು. ನೋಂದಣಿಯಾದವರಿಗೆ 14 ಅಂಕಿಗಳ ಸಂಖ್ಯೆ ಸಿಗುತ್ತದೆ. ಅದೇ ನಿಯಮಾವಳಿಯ ಒಂದು ಭಾಗದಲ್ಲಿ ಸಣ್ಣ ವ್ಯಾಪಾರಿಗಳು ಪಾಲಿಸಬೇಕಾದ ಶುಚಿತ್ವದ ನಿಯಮಗಳಿವೆ.

ಹಾಗಾದರೆ ತೊಡಕು ಎಲ್ಲಿದೆ? ಆ ತಾಯಿಯ ಕಾಗದಪತ್ರಗಳ ಹಿಂದೆ ಓಡಾಡಿದಾಗ ನನಗೆ ತಿಳಿದದ್ದನ್ನು ಹೇಳುತ್ತೇನೆ. ಸಮೀಕ್ಷೆಯವರು ಬಂದ ವಾರ ಅವರು ಮಗಳ ಬಾಣಂತನಕ್ಕೆಂದು ಊರಿಗೆ ಹೋಗಿದ್ದರು. ಗಾಡಿ ಇರಲಿಲ್ಲ, ಹೆಸರೂ ಸೇರಲಿಲ್ಲ. ಎರಡು ಸಮೀಕ್ಷೆಗಳ ನಡುವೆಯೂ ಪಟ್ಟಣ ವ್ಯಾಪಾರ ಸಮಿತಿಯು, ಜಾಗದ ಧಾರಣಶಕ್ತಿ ನೋಡಿ, ಹೊಸಬರಿಗೆ ಪ್ರಮಾಣಪತ್ರ ಕೊಡಬಹುದೆಂದು ಕಾಯ್ದೆಯಲ್ಲಿದೆ. ಅದನ್ನು ಕಚೇರಿಯಲ್ಲಿ ಹೇಳಿದಾಗ "ಸಮಿತಿಯ ಸಭೆ ಆಗಲಿ" ಎಂದರು. ಸಭೆ ಆಗಲು ಹಲವು ತಿಂಗಳು ಹಿಡಿಯಿತು. ಆಧಾರ್ ಚೀಟಿಯಲ್ಲಿ ಹಳ್ಳಿಯ ವಿಳಾಸ. ಪಡಿತರ ಚೀಟಿಯಲ್ಲಿ ತೀರಿಹೋದ ಪತಿಯ ಹೆಸರು. ಪ್ರತಿ ಸಲ ಕಚೇರಿಗೆ ಹೋದಾಗಲೂ ಆ ದಿನದ ದುಡಿಮೆಗೆ ಕತ್ತರಿ. ಓದುಬರಹ ಬಲ್ಲ ನನಗೇ ಇದು ಸುಸ್ತು ತಂದಿತು. ಆಹಾರ ನೋಂದಣಿಯ ಅರ್ಜಿಯನ್ನು ನಮ್ಮ ಔಷಧಾಲಯದ ಹುಡುಗ ಗಣಕಯಂತ್ರದಲ್ಲಿ ತುಂಬಿಕೊಟ್ಟ. ಅದು ಬೇಗನೆ ಬಂತು. ಗುರುತಿನ ಚೀಟಿಗೆ ಒಂದು ವರ್ಷದ ಮೇಲೆ ಕಾಯಬೇಕಾಯಿತು.

ಈ ಕಾಗದವಿಲ್ಲದೆ ಸಾಲವೂ ಕಷ್ಟ. 2020ರ ಜೂನ್‌ನಲ್ಲಿ ಆರಂಭವಾದ ಪಿಎಂ ಸ್ವನಿಧಿ ಯೋಜನೆಯಲ್ಲಿ ಮೊದಲ ಕಂತಿಗೆ 10,000 ರೂಪಾಯಿ ಇತ್ತು. 2025ರಲ್ಲಿ ಅದನ್ನು 15,000ಕ್ಕೆ ಏರಿಸಿ, ಯೋಜನೆಯ ಅವಧಿಯನ್ನು 2030ರ ಮಾರ್ಚ್‌ವರೆಗೆ ವಿಸ್ತರಿಸಲಾಗಿದೆ. ಪ್ರಮಾಣಪತ್ರ, ಗುರುತಿನ ಚೀಟಿ ಅಥವಾ ಸ್ಥಳೀಯ ಸಂಸ್ಥೆಯ ಶಿಫಾರಸು ಪತ್ರ ಇದ್ದವರಿಗೆ ಈ ಹಣ ದೊರೆಯುತ್ತದೆ. ಸ್ಟೀಲಿನ ಪಾತ್ರೆ, ನಲ್ಲಿಯಿರುವ ನೀರಿನ ಡ್ರಮ್ಮು, ಗಾಜಿನ ಮುಚ್ಚಳ ಇವೆಲ್ಲ ಆ ಮೊತ್ತದಲ್ಲಿ ಬರುತ್ತವೆ. ಕಾಗದ ಇಲ್ಲದವರು ದಿನದ ಬಡ್ಡಿಯವರ ಬಳಿಗೆ ಹೋಗುತ್ತಾರೆ. ಆ ಬಡ್ಡಿಯನ್ನು ತೀರಿಸಲು ಎಣ್ಣೆಯನ್ನು ಇನ್ನೂ ಎರಡು ದಿನ ಕಾಯಿಸುತ್ತಾರೆ. ಆ ಎಣ್ಣೆ ಕೊನೆಗೆ ನಮ್ಮ ಹೊಟ್ಟೆಗೇ ಬರುತ್ತದೆ.

ನನ್ನ ಮಾತಿಗೆ ಆಕ್ಷೇಪಗಳು ಇರುವುದನ್ನು ಬಲ್ಲೆ. ಪಾದಚಾರಿ ಮಾರ್ಗ ನಡೆಯುವವರಿಗಲ್ಲವೇ ಎಂದು ಕೇಳುವವರಿದ್ದಾರೆ. ನಿಜ, ಕೋಲೂರಿ ನಡೆಯುವ ವೃದ್ಧರನ್ನು, ಗಾಲಿಕುರ್ಚಿಯವರನ್ನು ರಸ್ತೆಗಿಳಿಸುವ ಗಾಡಿಯನ್ನು ನಾನೂ ಒಪ್ಪುವುದಿಲ್ಲ. ಅದಕ್ಕಾಗಿಯೇ ಕಾಯ್ದೆಯು ವ್ಯಾಪಾರಕ್ಕೆ ಮುಕ್ತವಾದ, ನಿರ್ಬಂಧಿತವಾದ ಮತ್ತು ನಿಷೇಧಿತವಾದ ವಲಯಗಳನ್ನು ಗುರುತಿಸಬೇಕೆಂದು ಹೇಳಿದೆ. ವಲಯವನ್ನೇ ಗುರುತಿಸದೆ ಎಲ್ಲ ಕಡೆಯಿಂದಲೂ ಓಡಿಸಿದರೆ ಗಾಡಿಗಳು ಎಲ್ಲ ಕಡೆಯೂ ನಿಲ್ಲುತ್ತವೆ. ಪರವಾನಗಿ ಎಂದರೆ ಲಂಚಕ್ಕೆ ಮತ್ತೊಂದು ದಾರಿ ಎನ್ನುವವರೂ ಇದ್ದಾರೆ. ಆದರೆ ಕಾಗದ ಇಲ್ಲದವನೇ ದಿನನಿತ್ಯ ಕೈ ಬೆಚ್ಚಗೆ ಮಾಡಬೇಕಾಗುತ್ತದೆ. ಕಾಗದ ಇರುವವನು ಇಲ್ಲ ಎನ್ನಬಲ್ಲ. ಚೀಟಿ ಕೊಟ್ಟ ಮಾತ್ರಕ್ಕೆ ಶುಚಿ ಬರುವುದೇ ಎಂಬುದು ಮೂರನೆಯ ಆಕ್ಷೇಪ. ಬರುವುದಿಲ್ಲ. ಚೀಟಿಯ ಜೊತೆಗೆ ತರಬೇತಿ, ತಪಾಸಣೆ, ತಪ್ಪಿದವರಿಗೆ ದಂಡ ಇರಲೇಬೇಕು. ಆದರೆ ಹೆಸರು, ವಿಳಾಸ, ಸ್ಥಳ ಗೊತ್ತಿಲ್ಲದವರನ್ನು ತಪಾಸಣೆ ಮಾಡುವುದಾದರೂ ಹೇಗೆ?

ವೈದ್ಯನಾಗಿ, ಗಾಡಿಯವರಲ್ಲಿ ನನ್ನ ಕೋರಿಕೆಗಳು ಕೆಲವಿವೆ. ಕುಡಿಯುವ ನೀರು ಮತ್ತು ತೊಳೆಯುವ ನೀರು ಬೇರೆ ಬೇರೆ ಇರಲಿ. ಕುಡಿಯುವ ನೀರನ್ನು ಕುದಿಸಿ ಆರಿಸಿ, ನಲ್ಲಿಯಿರುವ ಪಾತ್ರೆಯಲ್ಲಿ ಇಡಿ. ವಿಷಮಶೀತಜ್ವರ ಮತ್ತು ಕಾಮಾಲೆಗಳು ಹೆಚ್ಚಾಗಿ ನೀರಿನಿಂದ, ಕೈಯಿಂದ ಹರಡುತ್ತವೆ. ಹಣ ಮುಟ್ಟಿದ ಕೈಯಿಂದ ತಿಂಡಿ ಮುಟ್ಟಬೇಡಿ. ಬೇಯಿಸಿದ ಪದಾರ್ಥವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹಾಗೆಯೇ ಇಡಬೇಡಿ. ಬಿಸಿಬಿಸಿಯಾಗಿ ಮಾಡಿ ಕೊಡಿ. ಕಪ್ಪಾಗಿ, ನೊರೆಯೇರಿ, ಘಾಟು ಬರುವ ಎಣ್ಣೆಯನ್ನು ಚೆಲ್ಲಿಬಿಡಿ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಹೆಚ್ಚುವ ಧ್ರುವೀಯ ಸಂಯುಕ್ತಗಳಿಗೆ 2018ರ ಜುಲೈನಿಂದ ಶೇಕಡಾ 25ರ ಮಿತಿಯನ್ನು ಸರ್ಕಾರವೇ ವಿಧಿಸಿದೆ. ಭಜಿಯನ್ನು ಪತ್ರಿಕೆಯ ಹಾಳೆಯಲ್ಲಿ ಕಟ್ಟಬೇಡಿ. ಅದರ ಶಾಯಿ ಎಣ್ಣೆಯೊಡನೆ ತಿಂಡಿಗೆ ಇಳಿಯುತ್ತದೆ, 2018ರ ನಿಯಮಗಳು ಅದನ್ನು ನಿಷೇಧಿಸಿವೆ. ಮುತ್ತುಗದ ಎಲೆ, ಬಾಳೆಲೆ ನಮ್ಮಲ್ಲಿಲ್ಲವೇ? ಬಣ್ಣದ ಮೋಹ ಬಿಡಿ. ಬೊಂಬಾಯಿ ಮಿಠಾಯಿ ಮತ್ತು ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ಕರ್ನಾಟಕ ಸರ್ಕಾರವು 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ಆ ಮಿಠಾಯಿಯಲ್ಲಿ ಸಿಕ್ಕ ರೋಡಮೈನ್-ಬಿ ಎಂಬುದು ಬಟ್ಟೆಗೆ ಹಾಕುವ ಬಣ್ಣ.

ಭಕ್ತರಾದ ನಾವು ಮಾಡಬಹುದಾದದ್ದೂ ಇದೆ. ನಮ್ಮ ಜಾತ್ರೆಗಳಲ್ಲಿ ಮಿರ್ಚಿ ಮಂಡಕ್ಕಿ, ಬೆಂಡು ಬತ್ತಾಸಿನ ಅಂಗಡಿಗಳು ಸಾಲಾಗಿ ಕೂರುತ್ತವೆ. 2011ರ ನಿಯಮಾವಳಿಯ ವ್ಯಾಖ್ಯೆಯಲ್ಲಿ ತಾತ್ಕಾಲಿಕ ಅಂಗಡಿಯವರೂ, ಧಾರ್ಮಿಕ ಮತ್ತು ಸಾಮಾಜಿಕ ಸಮಾರಂಭಗಳಲ್ಲಿ ಆಹಾರ ಹಂಚುವವರೂ ಸೇರಿದ್ದಾರೆ. ಆದುದರಿಂದ ಜಾತ್ರಾ ಸಮಿತಿಯವರು ಅಂಗಡಿಗೆ ಜಾಗ ಕೊಡುವಾಗ ನೆಲಬಾಡಿಗೆಯ ಲೆಕ್ಕವನ್ನು ಮಾತ್ರ ನೋಡದೆ, ನೋಂದಣಿ ಇದೆಯೇ ಎಂದು ಕೇಳಲಿ. ಇಲ್ಲದವರಿಗೆ ಅಲ್ಲಿಯೇ ಅರ್ಜಿ ತುಂಬಿಸುವ ಒಂದು ಮೇಜು ಹಾಕಲಿ. ನೀರಿನ ನಲ್ಲಿ ಮತ್ತು ಶೌಚಾಲಯವನ್ನು ವ್ಯಾಪಾರಿಗಳಿಗೂ ತೆರೆದಿಡಲಿ. ನಗರದಲ್ಲಿ ಅಂಗಡಿ, ಕಚೇರಿ ನಡೆಸುವ ಭಕ್ತರು ಎದುರಿನ ಗಾಡಿಯವರಿಗೆ ತಮ್ಮ ಶೌಚಾಲಯ ಬಳಸಲು ಬಿಟ್ಟರೆ ಅದು ದೊಡ್ಡ ಉಪಕಾರ. ಕಾಲೇಜಿನ ಮಕ್ಕಳು ರಜೆಯಲ್ಲಿ ನಾಲ್ಕು ಜನರ ಅರ್ಜಿ ತುಂಬಿಕೊಟ್ಟರೆ ಅದೂ ಸೇವೆಯೇ. ಕಾಯಕವನ್ನು ಗೌರವಿಸುತ್ತೇವೆಂದು ವೇದಿಕೆಯಲ್ಲಿ ಹೇಳುವ ನಾವು, ಬೀದಿಯಲ್ಲಿ ಕಾಯಕ ಮಾಡುವವರಿಗೆ ನಿಲ್ಲಲು ನೆಲವಿಲ್ಲದಂತೆ ಮಾಡುವುದು ಸರಿಯಲ್ಲ. ಗಾಡಿಗಳನ್ನು ತೆಗೆಸುವ ಮನವಿ ನಿಮ್ಮ ಮುಂದೆ ಬಂದರೆ, ಸಹಿಗೆ ಮೊದಲು ಒಂದು ಪ್ರಶ್ನೆ ಕೇಳಿ: "ಇವರನ್ನು ಎಲ್ಲಿಗೆ ಕಳುಹಿಸುತ್ತೀರಿ?"

ಆ ತಾಯಿಗೆ ಗುರುತಿನ ಚೀಟಿ ಬಂದಿದೆ. ಗಾಡಿಯ ಮೇಲೆ ಈಗ ಎರಡು ನೀರಿನ ಪಾತ್ರೆಗಳಿವೆ, 14 ಅಂಕಿಗಳ ಸಂಖ್ಯೆಯನ್ನು ಅವರ ಮೊಮ್ಮಗ ಗಾಡಿಯ ಮುಂಭಾಗದಲ್ಲಿ ಬರೆದಿದ್ದಾನೆ. ಉರಿಮೂತ್ರ ಕಡಿಮೆಯಾಗಿದೆ, ಪಕ್ಕದ ಔಷಧದ ಅಂಗಡಿಯವರು ಶೌಚಾಲಯ ಬಳಸಲು ಬಿಟ್ಟಿದ್ದಾರೆ. ಮೊಣಕಾಲು ನೋವು ಹಾಗೆಯೇ ಇದೆ. ದಿನಕ್ಕೆ ಏಳು ಗಂಟೆ ನಿಲ್ಲುವವರಿಗೆ ಅದನ್ನು ಪೂರ್ತಿ ಗುಣಪಡಿಸುತ್ತೇನೆಂದು ನಾನು ಹೇಳಲಾರೆ. ಆದರೆ ವ್ಯಾಪಾರದ ವಲಯ ನಮ್ಮ ವಾರ್ಡಿನಲ್ಲಿ ಇನ್ನೂ ನಿಗದಿಯಾಗಿಲ್ಲ. ಚೀಟಿ ಇದ್ದರೂ ಅವರು ನಿಂತಿರುವುದು ಅದೇ ಓಣಿಯಲ್ಲಿ, ಅದೇ ಚರಂಡಿಯ ಪಕ್ಕದಲ್ಲಿ.

ಕಳೆದ ತಿಂಗಳು ನಾನು ಇನ್ನೊಂದು ಮನವಿ ಬರೆದೆ. ವೃತ್ತದ ಪಕ್ಕದಲ್ಲಿ ನಡೆಯುವವರಿಗೆ ದಾರಿ ಬಿಟ್ಟು, ಗಾಡಿಗಳಿಗೆ ಗುರುತು ಹಾಕಿದ ಜಾಗ, ಒಂದು ನಲ್ಲಿ, ಒಂದು ಶೌಚಾಲಯ, ದಿನವೂ ಕಸ ಎತ್ತುವ ವ್ಯವಸ್ಥೆ ಇಷ್ಟನ್ನು ಕೇಳಿದ್ದೇನೆ. ಸಾರ್ವಜನಿಕ ಆರೋಗ್ಯದ ಹಿತದೃಷ್ಟಿಯಿಂದ ಎಂದೇ ಬರೆದಿದ್ದೇನೆ. ಹಿಂದಿನ ಮನವಿಗೆ ಸಹಿ ಮಾಡಿದ್ದ ಹಿರಿಯರಲ್ಲಿ ಇಬ್ಬರು ಇದಕ್ಕೂ ಸಹಿ ಮಾಡಿದ್ದಾರೆ. ಉಳಿದವರ ಮನೆಗಳಿಗೆ ಈ ವಾರ ಹೋಗಬೇಕಾಗಿದೆ.